ಗುರುತು ಹಿಡಿದವರು ಎದ್ದು ನಿಲ್ಲಬೇಕು

ಬೆಟಗೇರಿಯಲ್ಲಿ ಗುಟ್ಟು ಅನ್ನುವುದು ಬ್ಯಾಡಗಿ ಮೆಣಸಿನಕಾಯಿ ಇದ್ದ ಹಾಗೆ. ಎಷ್ಟೇ ಭದ್ರವಾಗಿ ಕಟ್ಟಿ ಅಟ್ಟದ ಮೇಲಿಟ್ಟರೂ ಪಕ್ಕದ ಮನೆಯವರಿಗೆ ಸೀನು ಬಂದೇ ಬರುತ್ತದೆ. ಇಂಥ ಊರಿಗೆ ನೆರಳುಮಣಿ ಬರುತ್ತದಂತೆ ಎಂದು ಕೇಳಿದಾಗ ನಾನು ನಕ್ಕಿದ್ದೆ. ಮನುಷ್ಯರ ಹೊಟ್ಟೆಯೊಳಗಿನದನ್ನೆಲ್ಲ ಮೇಜಿನ ಮೇಲೆ ತೆರೆದು ತೋರಿಸುವ ಯಂತ್ರವನ್ನು ನಮ್ಮ ಜನರಿಗೆ ಕೊಡುವುದೆಂದರೆ ಮಂಗನ ಕೈಗೆ ಮಾಣಿಕ್ಯ ಕೊಟ್ಟಂತೆ ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಅದಕ್ಕೆ ಕಾರಣ ನಮ್ಮ ಆಸ್ಪತ್ರೆಯ ಡಾ. ಶಾಹೀನ್ ಮುಳಗುಂದ. ಈ ಕಥೆಯಲ್ಲಿ ನಾನು ಅವರನ್ನು ಹೊಗಳುತ್ತೇನೆ. ಅವರಿಗೆ ಹೊಗಳಿಕೆ ಸೇರುವುದಿಲ್ಲ, ಸೇರದಿದ್ದರೆ ಓದದಿರಲಿ.

ಮಣಿ ಜೋಳದ ಕಾಳಿನಷ್ಟಿರುತ್ತದೆ. ಎಡ ಮುಂಗೈಯ ಚರ್ಮದ ಕೆಳಗೆ ಕೂರಿಸುತ್ತಾರೆ. ಅದು ಮೈಯೊಳಗೆ ಸದ್ದಿಲ್ಲದ ಅಲೆಗಳನ್ನು ಬಿಡುತ್ತದೆ. ಅವು ಎಲುಬಿಗೆ, ಮಾಂಸಕ್ಕೆ, ನೀರಿಗೆ ತಾಗಿ ತಿರುಗಿ ಬರುವ ಬಗೆಯನ್ನು ಆಸ್ಪತ್ರೆಗೆ ಕಳಿಸುತ್ತಲೇ ಇರುತ್ತದೆ. ಎಲ್ಲ ನೆಟ್ಟಗಿದ್ದರೆ ಯಂತ್ರ ಸುಮ್ಮನಿರುತ್ತದೆ. ಏನಾದರೂ ಕೆಟ್ಟಿತೆಂದರೆ ಕೂಗುತ್ತದೆ. ಆಗ ನೆರಳುಕೋಣೆಯಲ್ಲಿ ನಮ್ಮ ಮೇಜಿನ ಮೇಲೆ ಆ ದೇಹದ ನೆರಳು ಬೆಳಕಿನಲ್ಲಿ ಮೂಡಿ ಮಲಗುತ್ತದೆ. ಯಂತ್ರ ಕೂಗಿದ್ದು ಖರೆಯೋ ಸುಳ್ಳೋ ಎಂದು ನೋಡಿ ಡಾಕ್ಟರಿಗೆ ತಿಳಿಸುವುದು ನನ್ನ ಕೆಲಸ. ನಾನು ಬನಶ್ರೀ, ನೆರಳು ಓದುವವಳು. ಯಂತ್ರಕ್ಕೆ ಅಜೀರ್ಣವೂ ಒಂದೇ, ಹೃದಯಾಘಾತವೂ ಒಂದೇ, ಹಾಗಾಗಿ ನಮ್ಮ ನೌಕರಿ ಉಳಿದಿದೆ.

ಮಣಿ ಬಂದ ಮೇಲೆ ಊರು ಬದಲಾಯಿತು. ಜಾತಕ ಕೇಳುತ್ತಿದ್ದವರು ನೆರಳು ಕೇಳತೊಡಗಿದರು. ಹೆಣ್ಣು ನೋಡಲು ಹೊರಟ ಬೀಗರು ಮೊದಲು ನಮ್ಮ ಕ್ಯಾಂಟೀನಿಗೆ ಬಂದು ಚಹಾ ಕುಡಿದು, "ತಂಗಿ, ಹೆಸರ ಹೇಳ್ತೀವಿ, ಒಂದ ಚೂರು ನೋಡಿ ಹೂಂ ಅನ್ನು, ಇಲ್ಲಾ ಊಹೂಂ ಅನ್ನು, ಸಾಕು" ಅನ್ನುತ್ತಿದ್ದರು. ಬಾಯಿಬಿಟ್ಟು ಹೇಳದಿದ್ದರೆ ಗುಟ್ಟು ಒಡೆದಂತಲ್ಲ ಎಂದು ಅವರ ಲೆಕ್ಕಾಚಾರ.

ಡಾ. ಶಾಹೀನ್ ಈ ಬಾಗಿಲುಗಳನ್ನೆಲ್ಲ ಒಂದೊಂದಾಗಿ ಮುಚ್ಚಿದರು. ನೆರಳಿಗೆ ಮುಖ ಇರಕೂಡದು, ಹೆಸರು ಇರಕೂಡದು ಅಂದರು. ಹೆಸರು ತೆರೆಯುವವರು ಚಿಕಿತ್ಸೆ ಮಾಡುವ ಡಾಕ್ಟರು ಮಾತ್ರ. ತೆರೆದ ಕೂಡಲೇ ರೋಗಿಯ ಮುಂಗೈಯಲ್ಲಿ ಮಣಿ ಕದ ತಟ್ಟಿದಂತೆ ಮಿಡಿಯುತ್ತದೆ, ಯಾರು ತೆರೆದರೆಂಬುದು ಅವರ ಫೋನಿಗೆ ಹೋಗುತ್ತದೆ. ಮಣಿ ಮಾಡುವ ಕಂಪನಿಯವರು ಈ ತಟ್ಟುವಿಕೆ ಬೇಡ, ಜನ ಗಾಬರಿಯಾಗುತ್ತಾರೆ ಎಂದು ಮೂರು ಸಲ ಬಂದು ವಾದಿಸಿದರು. "ತಟ್ಟದ ಒಳಗ ಬರೋರನ್ನ ನಮ್ಮೂರಾಗ ಏನಂತಾರ ಗೊತ್ತೈತೇನ್ರಿ?" ಎಂದು ಮೇಡಂ ಕೇಳಿದ ಮೇಲೆ ಮತ್ತೆ ಬರಲಿಲ್ಲ.

ಒಮ್ಮೆ ಒಬ್ಬ ಹೊಸ ಡಾಕ್ಟರು ಅಪರೂಪದ ಹೃದಯವೊಂದರ ನೆರಳನ್ನು ಗೆಳೆಯರ ಗುಂಪಿಗೆ ಕಳಿಸಲು ಹೊರಟಿದ್ದರು. ಹೆಸರಿಲ್ಲ, ಮುಖವಿಲ್ಲ, ಇದರಲ್ಲಿ ತಪ್ಪೇನು ಎಂದು ಅವರ ವಾದ. ಮೇಡಂ ದನಿ ಏರಿಸಲಿಲ್ಲ. "ಹೆಸರಿಲ್ಲ, ಖರೆ. ಆದರ ಅವರ ಮನಿಯವರು ನೋಡಿದ್ರ ಗುರುತು ಹಿಡಿಯಂಗಿಲ್ಲೇನು?" ಅಂದರು. ಎದೆಯೊಳಗಿನ ಚಿತ್ರ ನೋಡಿ ಯಾರು ತಾನೇ ಗುರುತು ಹಿಡಿಯುತ್ತಾರೆ ಎಂದು ನಾವೆಲ್ಲ ಮುಸಿಮುಸಿ ನಕ್ಕೆವು. ಆದರೆ ಆವತ್ತಿನಿಂದ ಕೋಣೆಗೆ ಇನ್ನೊಂದು ನಿಯಮ ಬಂತು. ಮೇಜಿನ ಮೇಲಿನ ನೆರಳು ಯಾರದೆಂದು ಗುರುತು ಸಿಕ್ಕರೆ ಆ ಕ್ಷಣವೇ ಮೇಜಿನಿಂದ ಕೈ ತೆಗೆದು ಎದ್ದು ನಿಲ್ಲಬೇಕು. "ಗುರುತು" ಎಂಬ ಒಂದೇ ಮಾತು ಹೇಳಿ ಹೊರಗೆ ನಡೆಯಬೇಕು. ಇನ್ನೊಬ್ಬರು ಬಂದು ಕೂರುತ್ತಾರೆ. ಗುರುತು ಹಿಡಿದದ್ದು ಯಾರು, ಹೇಗೆ ಎಂಬುದನ್ನು ಡಾಕ್ಟರು ಆಮೇಲೆ ರೋಗಿಗೆ ತಿಳಿಸುತ್ತಾರೆ.

ನನಗೆ ಎದ್ದು ನಿಲ್ಲುವುದೆಂದರೆ ಮೊದಲಿಂದಲೂ ಆಗದು. ಮನೆಯಲ್ಲಿ ಹಿರಿಯರು ಬಂದರೂ ನಾನು ಕೂತಲ್ಲಿಂದಲೇ ನಮಸ್ಕಾರ ಅನ್ನುವವಳು. ಅವ್ವ ಮಗ್ಗದ ಹತ್ತಿರದಿಂದಲೇ ಕೂಗುತ್ತಿದ್ದಳು. "ಏಳ ಮ್ಯಾಲೆ! ಬುಡಕ್ಕ ಅಂಟು ಹಚ್ಚಿ ಕುಂದ್ರಿಸ್ಯಾರೇನು ನಿನ್ನ?"

ಅವ್ವ ಅಂದರೆ ಸರೋಜವ್ವ. ಬೆಟಗೇರಿಯಲ್ಲಿ ಉಳಿದಿರುವ ಕೆಲವೇ ಕೈಮಗ್ಗಗಳಲ್ಲಿ ನಮ್ಮದೂ ಒಂದು. ಅಪ್ಪ ತೀರಿಕೊಂಡ ಮೇಲೆ ಮಗ್ಗ, ಅವ್ವ, ನಾನು, ಎದುರುಮನೆಯಲ್ಲಿ ಅಪ್ಪನ ತಂಗಿ ಕಮಲತ್ತೆ, ಇಷ್ಟೇ ನಮ್ಮ ಸಂಸಾರ. ಕಮಲತ್ತೆ ನನ್ನನ್ನು ಕಂಡಾಗಲೆಲ್ಲ ಮೂಗು ಹಿಡಿದು, "ನಮ್ಮಣ್ಣನ ಮೂಗು! ಅಚ್ಚು ಹಾಕಿದಂಗ ಐತಿ" ಅನ್ನುತ್ತಾಳೆ. ಆಗೆಲ್ಲ ಅವ್ವ ಒಳಗೆ ಏನೋ ಕೆಲಸವಿದ್ದವಳಂತೆ ಹೋಗಿಬಿಡುತ್ತಿದ್ದಳು.

ಊರೆಲ್ಲ ಮಣಿ ಹಾಕಿಸಿಕೊಂಡರೂ ಅವ್ವ ಮಾತ್ರ ಒಲ್ಲೆ ಅನ್ನುತ್ತಿದ್ದಳು. ನೆರಳು ಓದುವವಳ ತಾಯಿಗೇ ಮಣಿ ಇಲ್ಲವೆಂದರೆ ನನ್ನ ಮರ್ಯಾದೆ ಏನಾಗಬೇಕು? ತಲೆ ತಿಂದು ತಿಂದು ಕಡೆಗೆ ಒಪ್ಪಿಸಿದೆ.

"ಹೆಸರು ಕಾಣಂಗಿಲ್ಲ ಅಂದ್ರ ಖರೇನಾ?" ಎಂದು ಅವಳು ಎಷ್ಟು ಸಲ ಕೇಳಿದಳೋ.

"ಖರೇ ಅವ್ವಾ. ನೀ ನನ್ನ ಮೇಜಿನ ಮ್ಯಾಲೆ ಬಂದ್ರೂ ನನಗ ಗೊತ್ತಾಗೂದಿಲ್ಲ."

"ಹಂಗಂದ್ರ ಹಾಕಿಸ್ತೀನಿ" ಅಂದಳು. ಅವಳ ಒಪ್ಪಿಗೆಯ ಹಿಂದೆ ಏನಿತ್ತೆಂದು ನನಗೆ ಆಗ ಗೊತ್ತಿರಲಿಲ್ಲ.

ಅದಾದ ಮೇಲೊಂದು ದಿನ ಮಧ್ಯಾಹ್ನ ಊಟ ಮುಗಿಸಿ ಬಂದು ಕೂತಿದ್ದೆ. ಯಂತ್ರ ಕೂಗಿತು. ಮೇಜಿನ ಮೇಲೆ ಮಧ್ಯವಯಸ್ಸು ದಾಟಿದ ಹೆಣ್ಣಿನ ನೆರಳು ಮೂಡಿತು. ಹೊಟ್ಟೆಯ ಭಾಗ ದೊಡ್ಡದು ಮಾಡಿದೆ. ಕಿಡ್ನಿಯಿಂದ ಇಳಿಯುವ ನಾಳದಲ್ಲಿ ಕಲ್ಲು ಸಿಕ್ಕಿಕೊಂಡು ಕಿಡ್ನಿ ಊದಿಕೊಂಡಿತ್ತು. ಕಲ್ಲು ನಮಗೆ ದಿನವೂ ಬರುತ್ತದೆ, ನೋವಿಗೆ ಮದ್ದು, ಬೇಕಾದಷ್ಟು ಸಮಯ. ರೂಢಿಯಂತೆ ಇನ್ನೊಂದು ಬದಿಯ ಕಿಡ್ನಿ ಹುಡುಕಿದೆ. ಸಿಗಲಿಲ್ಲ. ಈ ಹೆಣ್ಣುಮಗಳಿಗೆ ಇದ್ದದ್ದೇ ಒಂದು, ಅದಕ್ಕೂ ಈಗ ಬಾಗಿಲು ಬಿದ್ದಿತ್ತು. ಮೂತ್ರ ಪೂರ್ತಿ ನಿಂತುಹೋಗಿತ್ತು. ಹೀಗೇ ಬಿಟ್ಟರೆ ಜೀವಕ್ಕೆ ಅಪಾಯ.

ತುರ್ತಿನ ದೀಪ ಒತ್ತಿದೆ. ಹುಟ್ಟಿನಿಂದಲೇ ಒಂದು ಕಿಡ್ನಿ ಇಲ್ಲದ ಹೆಂಗಸರಲ್ಲಿ ಕೆಲವರಿಗೆ ಕೆಳಗಿನ ಅಂಗಗಳೂ ಬೇರೆ ರೀತಿ ಇರುತ್ತವೆ. ಆಪರೇಶನ್ ಮಾಡುವವರಿಗೆ ಅದು ಮೊದಲೇ ಗೊತ್ತಿರಬೇಕು. ನೋಡಿದೆ. ಗರ್ಭಕೋಶ ಇರಲಿಲ್ಲ. ತೆಗೆದುಹಾಕಿದ ಗುರುತೂ ಇರಲಿಲ್ಲ, ಅದು ಬೆಳೆದೇ ಇರಲಿಲ್ಲ. 'ಜನ್ಮದಿಂದ ಇಲ್ಲ' ಎಂದು ದಾಖಲಿಸಿದೆ. ಮಕ್ಕಳಾಗದ ಜೀವ, ಯಾರ್ಯಾರ ಬಾಯಿಂದ ಏನೇನು ಕೇಳಿರಬೇಕೋ ಪಾಪ ಅಂದುಕೊಂಡೆ. ಅರಿವಳಿಕೆ ಕೊಡುವವರಿಗೆ ಉಸಿರಾಟದ ಸ್ಥಿತಿ ತಿಳಿಸಬೇಕಿತ್ತು, ನೆರಳನ್ನು ಎದೆಯತ್ತ ಸರಿಸಿದೆ.

ಉಸಿರು ವಿಚಿತ್ರವಾಗಿತ್ತು. ಒಂದಿಷ್ಟು ಹೊತ್ತು ನಿಲ್ಲುವುದು, ಬಲಗೈ ಹೆಬ್ಬೆರಳು ತೋರುಬೆರಳು ಹೊಸೆಯುವುದು, ಆಮೇಲೆ ಸಣ್ಣಗೆ ಉಸಿರು ಬಿಡುವುದು. ಮತ್ತೆ ನಿಲ್ಲುವುದು, ಹೊಸೆಯುವುದು, ಬಿಡುವುದು. ಅಂಥ ನೋವಿನಲ್ಲೂ ಈ ಮಹಾತಾಯಿ ಕೂತು ಮಗ್ಗದ ಹಾಸಿನ ಉದ್ದೆಳೆ ಜೋಡಿಸುತ್ತಿದ್ದಾಳೆ! ನನ್ನ ಕಣ್ಣು ತಾನಾಗಿ ಎಡಭುಜದ ಕಡೆಗೆ ಹೋಯಿತು. ಕತ್ತಿನ ಕೆಳಗಿನ ಎಲುಬು ಮುರಿದು ವಾರೆಯಾಗಿ ಕೂಡಿಕೊಂಡಿತ್ತು. ಸಣ್ಣವಳಿದ್ದಾಗ ನಾನು ಕಿವಿ ಇಟ್ಟು ಮಲಗುತ್ತಿದ್ದ ಉಬ್ಬು ಅದು. ಮಗ್ಗದಿಂದ ಹಾರಿದ ಲಾಳಿ ಬಡಿದು ಮುರಿದದ್ದು ಎಂದು ಅವ್ವ ಹೇಳುತ್ತಿದ್ದಳು.

ಕೈ ಮೇಜಿನಿಂದ ತೆಗೆದೆ. ಎದ್ದು ನಿಂತೆ. "ಗುರುತು" ಅಂದೆ. ಪಕ್ಕದ ಮೇಜಿನ ಮೌನೇಶ ಒಂದು ಮಾತೂ ಕೇಳದೆ ನನ್ನ ಕುರ್ಚಿಯಲ್ಲಿ ಬಂದು ಕೂತ.

ಹೊರಗೆ ಡಾ. ಶಾಹೀನ್ ಎದುರಾದರು. ತುರ್ತಿನ ದೀಪ ಕಂಡು ಓಡಿ ಬಂದಿದ್ದರು. ಒಳಹೋಗಿ ನೋಡಿ, ಹೆಸರು ತೆರೆದು, ಫೋನಿನಲ್ಲಿ ಮಾತಾಡಿ ಹೊರಗೆ ಬಂದರು. ನಾನು ಗೋಡೆಗೆ ಒರಗಿ ನಿಂತಿದ್ದೆ. ಹೇಗೆ ಗುರುತು ಹಿಡಿದೆ ಎಂದು ಕೇಳಿದರು, ವಾರೆ ಎಲುಬು, ಎಳೆ ಹೊಸೆಯುವಾಗಿನ ಉಸಿರು ಅಂದೆ.

"ಮೇಡಂ, ಮನಿಗೆ ಫೋನ್ ಮಾಡ್ತೀನ್ರಿ."

"ಯಾವ ಮನಿಗೆ?" ಅಂದರು ಮೇಡಂ. "ನೀ ಕಂಡದ್ದು ಒಂದು ನೆರಳು. ಆ ನೆರಳಿನ ಮನಿಗೆ ನಾ ಮಾತಾಡೀನಿ. ಗಾಡಿ ಹೊಂಟೈತಿ. ನಿಮ್ಮ ಮನ್ಯಾಗಿಂದ ನಿನಗ ಫೋನ್ ಬಂತಂದ್ರ ಮಗಳಾಗಿ ಓಡು, ಯಾರೂ ತಡಿಯಂಗಿಲ್ಲ. ಅಲ್ಲೀತನ ಇಲ್ಲೇ ಕುಂದ್ರು."

ಎಂಥ ಕಲ್ಲುಮನಸ್ಸಿನ ಹೆಂಗಸು ಎಂದು ಮನಸ್ಸಿನಲ್ಲೇ ಬೈದೆ. ಆದರೆ ಅವರು ತಮ್ಮ ಕೈಯಲ್ಲಿದ್ದ ನೀರಿನ ಬಾಟಲಿ ನನ್ನ ಕೈಗಿಟ್ಟು, ಭುಜವನ್ನೊಮ್ಮೆ ಒತ್ತಿ ಹೋದರು. ಸ್ವಲ್ಪ ಹೊತ್ತಿಗೆ ಕಮಲತ್ತೆಯ ಫೋನು ಬಂತು. "ಬನಾ! ನಿಮ್ಮವ್ವನ್ನ ಗಾಡ್ಯಾಗ ಹಾಕ್ಕೊಂಡು ಹೊಂಟಾರ! ಏನಾಗೇತಂತ ಯಾರೂ ಹೇಳವಲ್ರು! ಲಗೂ ಬಾ!" ನಾನು ಮಗಳಾಗಿ ಓಡಿದೆ.

ಸ್ಟ್ರೆಚರ್ ಮೇಲೆ ಅವ್ವನ ಮುಖ ಬೂದಿಯಂತಾಗಿತ್ತು. ನನ್ನನ್ನು ಕಂಡ ಕೂಡಲೇ ನೋವಿನ ನಡುವೆಯೂ ಸೆರಗು ಎಳೆದು ಹೊಟ್ಟೆ ಮುಚ್ಚಿಕೊಂಡಳು.

ಡಾಕ್ಟರುಗಳು ಕಲ್ಲಿನ ಪಕ್ಕದಿಂದ ಸಣ್ಣ ನಳಿಕೆ ಇಳಿಸಿ ಮೂತ್ರಕ್ಕೆ ದಾರಿ ಮಾಡಿ, ಕಲ್ಲನ್ನೂ ಒಡೆದು ತೆಗೆದರು. ಅವ್ವ ಉಳಿದಳು. ಕಮಲತ್ತೆಗೆ ಮಾತ್ರ ಸಮಾಧಾನವಾಗಲಿಲ್ಲ. ಕಲ್ಲಿಗೆ ಇಷ್ಟು ಗಡಿಬಿಡಿ ಯಾಕೆ ಎಂದು ಅವಳ ಅನುಮಾನ. ವಾರ್ಡಿನ ಹೊರಗೆ ಮೇಡಂಗೆ ಅಡ್ಡ ನಿಂತಳು.

"ನೆರಳು ತೋರಸ್ರಿ ಬಾಯಾರ. ನಾವೇನು ಹೊರಗಿನವರಾ? ಮನಿ ಮಂದಿ!"

"ಕಲ್ಲು ಇತ್ತು, ತಗದೀವಿ, ಈಗ ಅರಾಮ ಅದಾರ. ಇಷ್ಟು ಹೇಳಾಕ ಅವರು ಒಪ್ಪಿಗಿ ಕೊಟ್ಟಾರ್ರಿ ಅಕ್ಕಾರ. ನಾನೂ ಇಷ್ಟ ಹೇಳ್ತೀನಿ."

ಕಮಲತ್ತೆಯ ಬೀಗರು ಆಸ್ಪತ್ರೆಯ ಆಡಳಿತ ಮಂಡಳಿಯ ಅಧ್ಯಕ್ಷರು. ಅಲ್ಲೇ ನಿಂತು ಅವರಿಗೆ ಫೋನ್ ಹಚ್ಚಿ ಮೇಡಂ ಕೈಗೆ ಕೊಟ್ಟಳು. ಆ ಕಡೆಯಿಂದ ಅಧ್ಯಕ್ಷರು ಏನೇನೋ ಹೇಳಿದರು. ಮೇಡಂ ಪೂರ್ತಿ ಕೇಳಿಸಿಕೊಂಡು, "ಅಧ್ಯಕ್ಷರ, ನಾಳೆ ನಿಮ್ಮ ನೆರಳು ಕೇಳ್ಕೊಂತ ನಿಮ್ಮ ಬೀಗರು ಬಂದ್ರೂ ನಾ ಇದನ್ನ ಹೇಳಾಕಿ" ಅಂದರು. ಆಮೇಲೆ, "ಅಲ್ಲಿಗೆ ಬಿಡ್ರಿ ಡಾಕ್ಟರ್, ನೀವು ಹೇಳೂದ ಬರೋಬ್ಬರಿ" ಎಂದು ಕೇಳಿಸಿತು. ಅಧ್ಯಕ್ಷರಿಗೂ ಮುಚ್ಚಿಡಬೇಕಾದ ಹೊಟ್ಟೆ ಇದ್ದೇ ಇರುತ್ತದಲ್ಲ! ಅಷ್ಟು ಸಂಕಟದಲ್ಲೂ ನನಗೆ ನಗು ಬಂತು.

ಕಮಲತ್ತೆ ಹೋದ ಮೇಲೆ ನನ್ನ ಸರದಿ. ಮೇಡಂ ಹಿಂದೆಯೇ ಅವರ ಕೋಣೆಗೆ ನುಗ್ಗಿದೆ.

"ನಾ ಯಾರ ಮಗಳು, ಹೇಳ್ರಿ ಮೇಡಂ."

ಅವರು ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು. "ಇದನ್ನ ನೆರಳು ಓದಾಕಿ ಕೇಳಾಕತ್ಯಾಳೋ, ಸರೋಜವ್ವನ ಮಗಳು ಕೇಳಾಕತ್ಯಾಳೋ?"

"ಇಬ್ರೂ!"

"ನೆರಳು ಓದಾಕಿಗೆ ಹೆಸರು ಹೇಳೂದು ನನ್ನ ಕೆಲಸ ಅಲ್ಲ. ಮಗಳಿಗೆ ಹೇಳೂದೂ ನನ್ನ ಕೆಲಸ ಅಲ್ಲ. ಅದು ಹೇಳೂದು ಇದ್ರ ಹೇಳಾಕ ಒಬ್ಬಾಕಿ ಅದಾಳ."

"ಹಂಗಿದ್ರ ನಾ ಗುರುತು ಹಿಡದದ್ದನ್ನೂ ಅಕಿಗೆ ಹೇಳಬ್ಯಾಡ್ರಿ! ಕಾಲಿಗೆ ಬೀಳ್ತೀನಿ. ಅದಕ್ಕ ಅಂಜಿ ಅಂಜಿ ಇಷ್ಟು ವರ್ಷ ಮಣಿ ಬ್ಯಾಡ ಅಂದಾಳ. ನನ್ನ ಮಾತು ನಂಬಿ ಹಾಕ್ಕೊಂಡಳು. ಈಗ ಗೊತ್ತಾದ್ರ ಎದಿ ಒಡಕೋತಾಳ."

ಮೇಡಂ ಕಣ್ಣಲ್ಲಿ ನೀರಿತ್ತು. ಅದನ್ನು ಅಡಗಿಸಲೂ ಇಲ್ಲ. "ಬನಶ್ರೀ, ಅವರಿಗೆ ಸ್ವಲ್ಪ ಶಕ್ತಿ ಬರಲಿ ಅಂತ ತಡೀಬಹುದು. ಮುಚ್ಚಿಡಾಕ ಬರಂಗಿಲ್ಲ. ಅವರ ಮೈ ಯಾರು ನೋಡಿದ್ರು ಅಂತ ತಿಳಕೊಳ್ಳೂದು ಅವರ ಹಕ್ಕು. ನಿನ್ನ ಮ್ಯಾಲಿನ ಮಾಯೆಗೆ ನಾ ಅವರ ಹಕ್ಕು ತಿಂದ್ರ, ನಾಳೆ ಅಧ್ಯಕ್ಷರ ಅಂಜಿಕಿಗೆ ಇನ್ನೊಬ್ಬರ ಹಕ್ಕು ತಿಂತೀನಿ. ಒಬ್ಬರು ಗುರುತು ಹಿಡದಾರ, ಹಿಂಗಿಂಗ ಹಿಡದಾರ ಅಂತ ಹೇಳ್ತೀನಿ. ಹೆಸರು ಅವರು ಕೇಳಿದ್ರ ಮಾತ್ರ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡಬಾರದ ಮಾತನ್ನು ಆಡದೆ, ಆಡಲೇಬೇಕಾದ ಮಾತನ್ನು ನುಂಗದೆ ಇರುವ ಮನುಷ್ಯರನ್ನು ನಾನು ಆವರೆಗೆ ಕಂಡಿರಲಿಲ್ಲ. ಸಿಟ್ಟು ಇಳಿಯಲಿಲ್ಲ, ಆದರೆ ಆ ಹೆಂಗಸಿನ ಮೇಲೆ ಅಪಾರ ಗೌರವ ಹುಟ್ಟಿತು.

ಅವ್ವನ ಬಟ್ಟೆ ತರಲು ಮನೆಗೆ ಹೋದೆ. ಮಗ್ಗದ ಮೇಲೆ ಅರ್ಧ ಜೋಡಿಸಿದ ಹಾಸು ಹಾಗೇ ಇತ್ತು. ಬಂದ ಕೆಲಸ ಮರೆತು ಅಲ್ಲೇ ಕೂತೆ. ಹಳೆಯ ಎಳೆಯ ತುದಿಗೆ ಹೊಸ ಎಳೆ ಹಚ್ಚಿ ಹೊಸೆದರೆ ಎರಡೂ ಒಂದಾಗುತ್ತವೆ, ಸೀರೆಯಲ್ಲಿ ಆಮೇಲೆ ಯಾರಿಗೂ ಗೊತ್ತಾಗುವುದಿಲ್ಲ. ನಾನೂ ಉಸಿರು ಹಿಡಿದು ಒಂದು ಎಳೆ ಹೊಸೆದು ನೋಡಿದೆ. ನಿಲ್ಲಲಿಲ್ಲ, ಬಿಚ್ಚಿಕೊಂಡಿತು. ಕಮಲತ್ತೆ ರೊಟ್ಟಿ ಬುತ್ತಿ ಹಿಡಿದು ಬಂದಳು. ಅತ್ತು ಅತ್ತು ನನ್ನ ಮೂಗು ಕೆಂಪಾದದ್ದು ನೋಡಿ, "ಅಳಬ್ಯಾಡ ನನ್ನವ್ವಾ. ನಮ್ಮಣ್ಣನೂ ಅತ್ರ ಹಿಂಗ ಮೂಗು ಕೆಂಪ ಆಗತಿತ್ತು" ಅಂದಳು. ನಾನು ಅವಳನ್ನು ಅಪ್ಪಿಕೊಂಡು ಇನ್ನಷ್ಟು ಅತ್ತೆ. ಬಾಯಿಯವರೆಗೆ ಬಂದ ಮಾತು ನುಂಗಿಕೊಂಡೆ. ಅದು ನನ್ನ ಮಾತಲ್ಲ, ಅವ್ವನದು.

ಅವ್ವ ಎದ್ದು ಕೂರುವಂತಾದ ಮೇಲೆ ಒಂದು ಮುಂಜಾನೆ ಮೇಡಂ ಅವಳ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಹೊರಗೆ ಬಂದು, "ಪೇಶಂಟ್ ಅವರ ಮಗಳನ್ನ ಕರೀರಿ ಅಂದಾರ" ಅಂದರು. ಮುಖ ನೋಡಿ ಏನಾದರೂ ತಿಳಿಯೋಣವೆಂದರೆ ಅವರ ಮುಖ ಮುಚ್ಚಿದ ಬಾಗಿಲಿನಂತೆಯೇ ಇತ್ತು.

ಹೋಗಿ ಸ್ಟೂಲಿನ ಮೇಲೆ ಕೂತೆ. ಅವ್ವ ನನ್ನನ್ನೇ ನೋಡಿದಳು.

"ಯಾರೋ ಗುರುತು ಹಿಡದಾರಂತ ನನ್ನ."

ನಾನು ಅವಳ ಹೊದಿಕೆಯ ಅಂಚು ಸರಿಮಾಡಿದೆ.

"ಹೆಸರು ಬೇಕೇನ್ರಿ ಅಂತ ಡಾಕ್ಟರ್ ಬಾಯಾರು ಕೇಳಿದ್ರು. ಬ್ಯಾಡ ಅಂದೆ. ವಾರೆ ಎಲುಬು ನೋಡಿ, ಎಳಿ ಹೊಸಿಯುವಾಗ ಉಸಿರು ಹಿಡಿಯೂದು ನೋಡಿ ಗುರುತು ಹಿಡದ್ರಂತ. ಆ ಉಸಿರು ಹಿಡಿಯೂದು ನಿಮ್ಮಪ್ಪಗೂ ಗೊತ್ತಿರಲಿಲ್ಲ. ನನ್ನ ಎದಿ ಮ್ಯಾಲೆ ಮಲಗಿ, 'ಅವ್ವಾ, ಉಸರ ಬಿಡ, ಉಸರ ಬಿಡ' ಅಂತ ಬಡಿತಿದ್ದಾಕಿ ಜಗತ್ತಿನ್ಯಾಗ ಒಬ್ಬಾಕೀನ."

"ಅವ್ವಾ" ಅಂದೆ.

ಅವಳೇ ಹೇಳಿದಳು. ಬಾಣಂತನಕ್ಕೆಂದು ಹೇಳಿ ತವರೂರು ಗುಳೇದಗುಡ್ಡಕ್ಕೆ ಹೋದದ್ದು, ಅಲ್ಲಿಂದ ಅಪ್ಪನ ಜೊತೆ ಹುಬ್ಬಳ್ಳಿಗೆ ಹೋಗಿ ಶಿಶುಗೃಹದಿಂದ ನನ್ನನ್ನು ಕಾಯದೆ ಪ್ರಕಾರವೇ ತಂದದ್ದು. "ನಿನಗ ತಿಳುವಳಿಕಿ ಬಂದ ಮ್ಯಾಲೆ ಹೇಳೂನು ಅಂತಿದ್ದಾ ನಿಮ್ಮಪ್ಪ. ನೀ ಮೊದಲ್ನೇ ಸಲ ಅವ್ವಾ ಅಂದಿ ನೋಡು, ಅಲ್ಲಿಂದ ನನ್ನ ಬಾಯಿ ಕಟ್ಟಿತು. ಈ ಹೊಟ್ಟಿ ನಿನಗ ಕಂಡ್ರ ನೀ ನನ್ನ ಬಿಟ್ಟು ಹೋಗ್ತಿ ಅಂತ ಅಂಜಿಕಿ. ಈಗ ಕಂಡೀಯಲ್ಲ. ಹೋಗ್ತೀಯೇನು?"

"ಎಲ್ಲಿಗೆ ಹೋಗ್ಲಿ? ನಮ್ಮಪ್ಪನ ಮೂಗು ಹೊತ್ಕೊಂಡು ಯಾರ ಮನಿಗೆ ಹೋಗ್ಲಿ ನಾನು?"

ಅವ್ವ ನಕ್ಕಳು. ಹೊಲಿಗೆಯಿಲ್ಲದಿದ್ದರೂ ಹೊಟ್ಟೆ ಹಿಡಿದುಕೊಂಡು ನಕ್ಕಳು, ಅತ್ತಳು. ನಾನು ಆ ವಾರೆ ಎಲುಬಿನ ಮೇಲೆ ತಲೆ ಇಟ್ಟೆ.

ಬಾಗಿಲು ತಟ್ಟಿದ ಸದ್ದಾಯಿತು. ಅವ್ವ "ಬರ್ರಿ" ಅಂದ ಮೇಲೆ ಮೇಡಂ ಒಳಗೆ ಬಂದರು. ನಾನು ಕಣ್ಣೊರೆಸಿಕೊಂಡು ಸ್ಟೂಲಿನ ಮೇಲೆ ನೆಟ್ಟಗೆ ಕೂತೆ. ನಾನಿರುವಾಗ ಮಾತಾಡಬಹುದೇ ಎಂದು ಮೇಡಂ ಅವ್ವನನ್ನು ಕೇಳಿದರು. ಅವ್ವ ತಲೆಯಾಡಿಸಿದಳು.

"ಒಂದು ಒಪ್ಪಿಗಿ ಬೇಕಿತ್ರಿ ಅವ್ವಾರ. ನಿಮ್ಮ ನೆರಳಿನ್ಯಾಗ ಆ ಎಲುಬು, ಆ ಉಸಿರಿನ ಗುರುತು ಎರಡನ್ನೂ ನಾವು ಮಬ್ಬು ಮಾಡಬಹುದು. ಮುಂದ ಮೇಜಿನ ಮ್ಯಾಲೆ ಬಂದ್ರೂ ಯಾರಿಗೂ ಗುರುತು ಸಿಗಂಗಿಲ್ಲ. ಚಿಕಿತ್ಸಿಗೆ ಏನೂ ತೊಂದ್ರಿ ಇಲ್ಲ. ಮಾಡ್ಲೇನು?"

"ಮಾಡದಿದ್ರ ಏನಾಕ್ಕೈತ್ರಿ?"

"ಗುರುತು ಇದ್ದವರು ಪ್ರತೀ ಸಲ ಕೆಲಸ ಬಿಟ್ಟು ಎದ್ದು ನಿಲ್ಲಬೇಕಾಕ್ಕೈತಿ."

ಅವ್ವ ನನ್ನತ್ತ ತಿರುಗಿದಳು. ಡಾಕ್ಟರು ನಿಂತೇ ಇದ್ದರು, ನಾನು ಸ್ಟೂಲಿಗೆ ಅಂಟಿ ಕೂತಿದ್ದೆ.

"ಮಬ್ಬು ಮಾಡಬ್ಯಾಡ್ರಿ ಬಾಯಾರ, ಹಂಗ ಇರಲಿ" ಅಂದಳು ಅವ್ವ. "ಅವ್ವ ಬಂದಾಗ ಮಗಳು ಎದ್ದು ನಿಲ್ಲಬೇಕು. ಇಷ್ಟು ವರ್ಷ ನಾ ಹೇಳಿ ಹೇಳಿ ಸಾಕಾಗೇನಿ, ಇನ್ನ ಮುಂದ ನಿಮ್ಮ ಆಸ್ಪತ್ರಿ ಹೇಳಲಿ."

ನಾನು ಎದ್ದು ನಿಂತೆ.